ಮೈಕು ಹಿಡಿದ ಮುಕ್ತಾರ, ಟಾಕಿಯ ಹಿಂದಿನ ಆರಜೂ

ಯಳವಿ ಊರಿನ ಮುಕ್ತಾರ ಹೊಟ್ಟೆಗಾಗಿ ಹತ್ತಿ ಹಿಂಜುತ್ತಿದ್ದ, ಹೆಸರಿಗಾಗಿ ಮಾತು ಹಿಂಜುತ್ತಿದ್ದ. ಎರಡರಲ್ಲೂ ಕೈ ಪಳಗಿತ್ತು. ಮಲಗಿ ಮಲಗಿ ಗಟ್ಟಿಯಾದ ಹಳೆಯ ಹತ್ತಿಯನ್ನು ಯಂತ್ರಕ್ಕೆ ಕೊಟ್ಟು, ಮೋಡದಂತೆ ಉಬ್ಬಿಸಿ, ಹೊಸ ಗಾದಿ ಹೊಲಿದುಕೊಡುವುದು ದಿನದ ಕೆಲಸ. ಗಡಿನಾಡಿನ ಜತ್ತ ತಾಲೂಕಿನಲ್ಲಿ ಎಲ್ಲಿಯಾದರೂ ಕುಸ್ತಿಯ ಮೈದಾನ ಬಿದ್ದಿತೆಂದರೆ, ಬಿಳಿ ಅಂಗಿ ತೊಟ್ಟು ಮೈಕು ಹಿಡಿದು, ಚಹಾ ಆರುವುದರೊಳಗೆ ಮುಗಿದುಹೋಗುವ ಜೋಡಿಯನ್ನು ಜನ ಮುಂದಿನ ಸುಗ್ಗಿಯವರೆಗೆ ನೆನೆಯುವಂತೆ ಉಬ್ಬಿಸುವುದು ಇನ್ನೊಂದು ಕೆಲಸ. ಮೈದಾನದ ನಿವೇದಕ ಅವನು. ಒಂದು ವಾಕ್ಯ ಕನ್ನಡದಲ್ಲಿ ಎದ್ದರೆ ಮರಾಠಿಯಲ್ಲಿ ಕೂರುತ್ತಿತ್ತು. ನಡುವೆ ಹಲಗಿಯವನು ಎರಡು ಪೆಟ್ಟು ಹಾಕಿದರೆ ಅದೇ ಪೂರ್ಣವಿರಾಮ.

ನಿವೇದಕನಿಗೂ ಒಂದು ಶಾಸ್ತ್ರವಿದೆ. ಪೈಲ್ವಾನನನ್ನು ಕೆಂಪು ಮಣ್ಣಿಗೆ ಕರೆಯುವಾಗ ಮೊದಲು ಅವನ ಊರು, ಆಮೇಲೆ ತಂದೆ, ಆಮೇಲೆ ಪಟ್ಟು ಕಲಿಸಿದ ವಸ್ತಾದ, ಕೊನೆಗೆ ಅವನ ಹೆಸರು. ಗೆದ್ದವನ ಹೆಸರಿಗಿಂತ ಸೋತವನ ಹೆಸರನ್ನು ಒಂದು ಪಟ್ಟು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಗೆದ್ದವನನ್ನು ಊರೇ ಹೊತ್ತುಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕಣ್ಣು ಕಂಡದ್ದನ್ನು ಬಾಯಿ ಆಗಲೇ ಹೇಳಿಬಿಡಬೇಕು. ಗೋಡೆಯ ಮೇಲೆ, ಜಾಲಿಯ ಮರದ ಮೇಲೆ ಕೂತ ಹಿಂದಿನ ಜನಕ್ಕೆ ಕುಸ್ತಿ ಕಾಣುವುದೇ ಅವನ ಬಾಯಲ್ಲಿ. “ಕಣ್ಣಿಗೂ ಬಾಯಿಗೂ ನಡುವ ಬಾಗಲಾ ಇಟ್ಟಾಂವ ನಿವೇದಕ ಅಲ್ಲ, ವಕೀಲ,” ಎನ್ನುತ್ತಿದ್ದ ಮುಕ್ತಾರ.

ಅವನಿಗೆ ವರ್ಷದ ದೊಡ್ಡ ಮೈದಾನವೆಂದರೆ ಕಲ್ಮೇಶ ಭಾವೂನ ಹುಟ್ಟುಹಬ್ಬದ ಕುಸ್ತಿ. ಕಲ್ಮೇಶ ತಾಲೂಕಿನ ಬ್ಯಾನರುಗಳಲ್ಲಿ ಖಾಯಂ ವಾಸವಾಗಿದ್ದ ಮುಂದಾಳು. ಬ್ಯಾನರಿನ ಮೇಲೆ ‘ಭಾವೀ ಸಭಾಪತಿ’ ಎಂದು ಬರೆಸಿ ಬಹಳ ವರ್ಷವಾಗಿತ್ತು. ನಮ್ಮ ಕಡೆ ಭಾವಿ ಎಂದರೆ ನೀರಿರಬೇಕಾದಲ್ಲಿ ನೀರಿಲ್ಲದ ಗುಂಡಿ. ಬ್ಯಾನರಿನಲ್ಲಿ ಭಾವೀ ಎಂದರೆ ಕುರ್ಚಿ ಇರಬೇಕಾದಲ್ಲಿ ಕುರ್ಚಿಯಿಲ್ಲದ ಮನುಷ್ಯ. ಎರಡರ ಆಳವನ್ನೂ ಯಾರೂ ಇಳಿದು ನೋಡಿರಲಿಲ್ಲ.

ಈ ವರ್ಷ ಭಾವೂ ಮುಕ್ತಾರನನ್ನು ಕರೆಸಿ, ಕೂರಿಸಿ, ಚಹಾ ಕೊಟ್ಟು ಹೇಳಿದ: “ಮಾಮಾ, ಈ ಸಲ ಕುಸ್ತಿ ಇಲ್ಲ.”

“ಯಾಕ್ರಿ ಭಾವೂ, ಮಣ್ಣು ತುಟ್ಟಿ ಆಗ್ಯದೇನು?”

“ಮಣ್ಣಿಗೆ ಬರಾವ್ರು ಯಾರದಾರ? ಹುಡುಗೂರೆಲ್ಲಾ ಮೊಬೈಲದಾಗ ಅದಾರ. ಮತಾ ಎಲ್ಲಿ ಅದಾವೋ ನಾವೂ ಅಲ್ಲೇ ಹೋಗಬೇಕಲ್ಲ. ಗುಂಡಿನ ಆಟ ಇಡಾಕತ್ತೀನಿ.”

“ಗುಂಡಿನ ಆಟ ಢಾಬಾದಾಗ ದಿನಾ ನಡೀತದಲ್ರಿ.”

ಭಾವೂ ನಗಲಿಲ್ಲ. “ಚಾಷ್ಟಿ ಬ್ಯಾಡ ಮಾಮಾ. ಬಂದೂಕಿನ ಆಟ. ಮಂಗಲ ಕಾರ್ಯಾಲಯದಾಗ ದೊಡ್ಡ ಪರದೆ ಹಾಕಸ್ತೀನಿ. ಮೈಕ್ ನಿಮ್ಮದು. ನಿಮಗ ಆಗೂದಿಲ್ಲಂದ್ರ ಹೇಳ್ರಿ, ಸಾಂಗಲಿಯಾಗ ಒಬ್ಬ ಹುಡುಗ ಅದಾನ, ಇದನ್ನ ಮಾಡ್ತಾನ. ಆಮ್ಯಾಲೆ ಮುಂದಿನ ಕಾರ್ಯಕ್ರಮ ಎಲ್ಲಾ ಅವಂದ.”

ಮುಕ್ತಾರ ಚಹಾದ ಕಪ್ಪನ್ನು ತಟ್ಟೆಯ ಮೇಲೆ ಸಾವಕಾಶವಾಗಿ ಇಟ್ಟ. ಮೈಕಿಲ್ಲದ ಮುಕ್ತಾರ ಎಂದರೆ ಬರೀ ಗಾದಿಯ ಮುಕ್ತಾರ. ಗಾದಿಯ ಮೇಲೆ ಮಲಗಿದವರು ಹೊಲಿದವನನ್ನು ನೆನೆಯುವುದಿಲ್ಲ. “ಆಗ್ತದ್ರಿ,” ಎಂದ.

ಮನೆಯಲ್ಲಿ ಹೆಂಡತಿ ಕರೀಮಾ ಕೇಳಿ ನಕ್ಕಳು. “ಮೈಕ್ ಕೊಡ್ತೀನಂದ್ರ ನೀವು ಮೂಕರ ಸಭಾಕ್ಕೂ ಹೋಗಾವ್ರು.”

ಕಲಿಸುವ ಕೆಲಸ ಮಗಳು ಆರಜೂನ ಪಾಲಿಗೆ ಬಂತು. ಜತ್ತದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು, ಮನೆಯಲ್ಲಿದ್ದಾಗ ಗಾದಿಯ ಅಂಚು ಹೊಲಿಯುತ್ತಿದ್ದಳು. ಸೂಜಿ ಹಿಡಿದ ಆ ಹೆಬ್ಬೆರಳು ಮೊಬೈಲಿನ ಮೇಲೆ ಏನು ಮಾಡುತ್ತದೆಂದು ಅಪ್ಪನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಯಂತ್ರ ನಿಲ್ಲಿಸಿ, ಹತ್ತಿಯ ರಾಶಿಗೆ ಒರಗಿ, ಇಬ್ಬರೂ ಒಂದೇ ಪರದೆಗೆ ತಲೆ ಹಚ್ಚಿದರು. ವಿಮಾನದಿಂದ ನೂರಾರು ಜನ ಒಂದು ನಡುಗಡ್ಡೆಗೆ ಧುಮುಕಿದರು, ಬಿದ್ದ ಬಂದೂಕು ಎತ್ತಿಕೊಂಡರು, ಒಬ್ಬರನ್ನೊಬ್ಬರು ಸುಟ್ಟರು. ಕೊನೆಗೆ ಉಳಿದವನು ಕುಣಿದ.

“ಮುಗೀತಾ?” ಎಂದ ಮುಕ್ತಾರ. “ಇವರ ನಡುವ ಜಗಳ ಯಾತರದು?”

“ಜಗಳ ಇಲ್ಲ ಅಬ್ಬಾ. ಆಟ.”

“ಮೈಗೆ ಮಣ್ಣು ಹತ್ತೂದಿಲ್ಲ, ಸಲಾಮಿ ಇಲ್ಲ, ಬಿದ್ದಾಂವನ ಕೈ ಹಿಡದು ಎಬ್ಬಸೂದಿಲ್ಲ. ಸತ್ತಾಂವ ಮತ್ತ ವಿಮಾನ ಹತ್ತಿ ಬರ್ತಾನ. ಸಾಯೂದಕ್ಕೂ ಒಂದು ಮರ್ಯಾದಿ ಬ್ಯಾಡೇನು? ಇದು ಆಟ ಅಲ್ಲ, ಎಸ್‌ಟಿ ಬಸ್ಸಿನ ಜಾಗಾದ ಸಲುವಾಗಿ ಆಗೂ ಗುದ್ದಾಟ.”

ಆರಜೂ ಪರದೆಯಿಂದ ಕಣ್ಣು ಎತ್ತಲಿಲ್ಲ. “ನಿನ್ನ ಮೈದಾನದಾಗ ನನಗ ಗ್ವಾಡಿ ಮ್ಯಾಲೆ ಕುಂದರಾಕೂ ಜಾಗಾ ಇರಲಿಲ್ಲ. ಸಣ್ಣಾಕಿ ಇದ್ದಾಗ ಬರ್ತೀನಂದ್ರ ಹೆಣ್ಣಮಕ್ಕಳು ಬರಬಾರ್ದು ಅಂದಿ. ಮನ್ಯಾಗ ಕುಂತು ದೂರದಿಂದ ನಿನ್ನ ಆವಾಜ ಕೇಳ್ತಿದ್ದೆ. ಇಲ್ಲಿ ಯಾರೂ ನೀ ಯಾರ ಮಗಳು, ಯಾಕ ಬಂದಿ ಅಂತ ಕೇಳೂದಿಲ್ಲ. ಗುರಿ ಇದ್ರ ಉಳೀತಿ, ಇಲ್ಲಂದ್ರ ಇಲ್ಲ.”

ಹತ್ತಿಯ ಎಳೆಯೊಂದು ಮುಕ್ತಾರನ ಗಡ್ಡಕ್ಕೆ ಹತ್ತಿತ್ತು, ಅದನ್ನು ಬಿಡಿಸುತ್ತ ಕೂತ.

“ನಾನೂ ಭಾವೂನ ಆಟಕ್ಕ ಹೆಸರು ಹಚ್ಚೀನಿ,” ಎಂದಳು ಆರಜೂ. “ಗೆದ್ದರ ಪೈಲ್ವಾನರಿಗೆ ಕರೀತಿಯಲ್ಲ, ಹಂಗ ಕರೀಬೇಕು. ಊರು, ಅಪ್ಪ, ವಸ್ತಾದ, ಹೆಸರು. ಎಲ್ಲಾ.”

“ವಸ್ತಾದ ಯಾರಂತ ಹೇಳ್ಲಿ?”

“ಗೆದ್ದಮ್ಯಾಲೆ ನೋಡೂಣು. ಗೆದ್ದಾವ್ರಿಗೆ ವಸ್ತಾದರು ತಾವ ಹುಟ್ಟತಾರ.”

ಬಂದೂಕಿನ ಆಟ ಅಪ್ಪನಿಗೆ ರುಚಿಸಲಿಲ್ಲವೆಂದು ಮರುದಿನ ಅವಳು ದೆವ್ವದ ಆಟವೊಂದನ್ನು ತೋರಿಸಿದಳು. ಹಾಳುಬಿದ್ದ ವಸತಿಗೃಹ. ಕೈಯಲ್ಲಿ ಆಯುಧವಿಲ್ಲ, ಒಂದು ಬ್ಯಾಟರಿ ಮಾತ್ರ. ಮುಖವಿಲ್ಲದ ದೆವ್ವವೊಂದು ಪಡಸಾಲೆಯಲ್ಲಿ ತಿರುಗುತ್ತಿರುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ ಇದೆ. ಹಲಗೆ ಕಿರುಗುಟ್ಟಿದರೆ, ತಂಬಿಗೆ ಉರುಳಿದರೆ ಬರುತ್ತದೆ. ಅಲಮಾರಿಯಲ್ಲಿ ಹೊಕ್ಕು ಉಸಿರು ಹಿಡಿದವನು ಬದುಕುತ್ತಾನೆ. ಅದು ಮೊದಲ ಸಲ ಅಲಮಾರಿಯ ಕದ ತೆಗೆದಾಗ ಮುಕ್ತಾರ ‘ಯಾ ಅಲ್ಲಾ’ ಎಂದು ಮೊಬೈಲನ್ನು ಎಸೆದೇಬಿಟ್ಟ. ಅದು ಹತ್ತಿಯ ರಾಶಿಯೊಳಗೆ ಮುಳುಗಿತು. ಒಳಗಿನಿಂದ ದೆವ್ವ ಕೂಗುತ್ತಲೇ ಇತ್ತು, ಆರಜೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕರೀಮಾ ಒಲೆಯ ಮುಂದಿನಿಂದಲೇ ದಖನಿಯಲ್ಲಿ ಇಬ್ಬರಿಗೂ ಬೈದಳು. ಆ ಮನೆಯಲ್ಲಿ ಸಿಟ್ಟಿಗೆ ಮಾತ್ರ ದಖನಿ, ಉಳಿದದ್ದಕ್ಕೆಲ್ಲ ಕನ್ನಡ.

ವಿಚಿತ್ರವೆಂದರೆ ಮುಕ್ತಾರನಿಗೆ ಆ ಆಟ ಹಿಡಿಸಿತು. ಮಗಳಿಗೆ ಹೇಳಿ ಅದನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡು ಊಟವಾದ ಮೇಲೆ ಆಡತೊಡಗಿದ. ಗಾದಿ ಮಾಡಿಸಲು ಬಂದವರಿಗೆಲ್ಲ ತನ್ನ ಅಭಿಪ್ರಾಯ ಪುಕ್ಕಟೆ ಹಂಚಿದ. ಬಂದೂಕಿನ ಆಟ ಸುಳ್ಳು, ದೆವ್ವದ ಆಟ ಖರೇ. ಬಂದೂಕಿನ ಆಟದಲ್ಲಿ ಆಡುವವನಿಗೆ ತಾನು ಹೊಡೆಯುವವನೆಂಬ ಭ್ರಮೆ. ದೆವ್ವದ ಆಟದಲ್ಲಿ ತಾನು ಹೊಡೆಸಿಕೊಳ್ಳುವವನೆಂಬ ತಿಳಿವಳಿಕೆ. ತಾಲೂಕಿನ ಜನರನ್ನು ಸಾಲಾಗಿ ನಿಲ್ಲಿಸಿ ನೋಡಿ, ಯಾವ ಆಟ ಯಾರದೆಂದು ಗೊತ್ತಾಗುತ್ತದೆ. ಒಂದೇ ತಕರಾರೆಂದರೆ, ಅದು ನಿವೇದಕನ ಜಾತಿಗೆ ಆಗದ ಆಟ. “ಕುಸ್ತ್ಯಾಗ ಆವಾಜ ಮಾಡಿದಾಂವ ಬದುಕ್ತಾನ, ಇದರಾಗ ಆವಾಜ ಮಾಡಿದಾಂವ ಸಾಯ್ತಾನ,” ಎಂದು ಹೇಳಿ ತಾನೇ ನಗುತ್ತಿದ್ದ.

ಸೊರಡಿಯಿಂದ ಹತ್ತಿ ತಂದಿದ್ದ ಗೌರವ್ವ ಎಲ್ಲ ಕೇಳಿಸಿಕೊಂಡು ಬಾಯೊಳಗಿನ ಎಲೆ ಅಡಿಕೆಯನ್ನು ದವಡೆಗೆ ತಳ್ಳಿದಳು. “ದೆವ್ವ ನೋಡಾಕ ಮೊಬೈಲ್ ಯಾಕೋ ಮುಕ್ತಾರಣ್ಣ? ನಮ್ಮ ಮನ್ಯಾಗ ಅತ್ತಿ ಅದಾಳ. ಕಣ್ಣು ಕಾಣೂದಿಲ್ಲ, ಕಿವಿ ಮಾತ್ರ ಚಲೋ ಅದಾವ. ಡಬ್ಬಿ ಮುಚ್ಚಳಾ ತಗದರ ಬರ್ತಾಳ.”

ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ಮಂಗಲ ಕಾರ್ಯಾಲಯ ತುಂಬಿತು. ಊಟದ ಮೇಜುಗಳನ್ನು ಸಾಲಾಗಿ ಹಾಕಿ ಆಟಗಾರರನ್ನು ಕೂರಿಸಿದ್ದರು; ಒಬ್ಬೊಬ್ಬರೂ ತಮ್ಮ ಊರಿನ ಪರವಾಗಿ, ಕಿವಿಗೆ ವಾಯರು ಸಿಕ್ಕಿಸಿಕೊಂಡು. ಹುಡುಗರ ನಡುವೆ ಓಢಣಿ ಹೊದ್ದವಳು ಆರಜೂ ಒಬ್ಬಳೇ. ಅಕ್ಷತೆ ಬೀಳುವ ವೇದಿಕೆಯ ಮೇಲೆ ಗೋಡೆಯಗಲ ಪರದೆ. ಜತ್ತದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಶಿವಪುತ್ರ ಆಟದ ವ್ಯವಸ್ಥೆ ನೋಡಿಕೊಂಡಿದ್ದ. ಯಾರು ಎಲ್ಲಿದ್ದಾರೆಂದು ಆಟಗಾರರಿಗೆ ಕಾಣದು, ಪರದೆಗೆ ಎಲ್ಲವೂ ಕಾಣುತ್ತದೆ. ಪರದೆ ಆಟಗಾರರ ಬೆನ್ನ ಹಿಂದಿತ್ತು, ಅದರ ಪಕ್ಕದಲ್ಲಿ ಮುಕ್ತಾರ. ಎರಡೂ ಬದಿಗೆ ಮದುವೆಯಲ್ಲಿ ಎದೆ ನಡುಗಿಸುವ ಡಿಜೆ ಡಬ್ಬಗಳು.

ಮೊದಲ ಸುತ್ತು ಶುರುವಾಯಿತು. ಮುಕ್ತಾರನ ಗಂಟಲು ತಾನಾಗಿ ತೆರೆದುಕೊಂಡಿತು. ಊರು, ಅಪ್ಪ, ಹೆಸರು. ಹಲಗಿಯವನನ್ನೂ ಹಟಮಾಡಿ ಕರೆಸಿದ್ದ. ಜನ ಸಿಳ್ಳೆ ಹೊಡೆದರು.

“ಮಾಡಗ್ಯಾಳದ ಪೈಲ್ವಾನನ್ನ ನೋಡ್ರಿ! ಬಣವಿ ಹಿಂದ ಕುರಿಮರಿ ಹಂಗ ಅಡಗಿ ಕುಂತಾನ, ಬಣವಿ ಹಿಂದ!”

ಮರುಗಳಿಗೆಗೆ ನಡುಗಡ್ಡೆಯ ಬಂದೂಕುಗಳೆಲ್ಲ ಆ ಬಣವಿಯ ಕಡೆ ತಿರುಗಿದವು. ಮಾಡಗ್ಯಾಳದ ಹುಡುಗ ಕಿವಿಯ ವಾಯರು ಕಿತ್ತುಕೊಂಡು ಎದ್ದು ನಿಂತ. “ಏ ಮಾಮಾ! ನೀ ನಿವೇದಕನೋ, ಪೊಲೀಸರ ಖಬರಿಯೋ?”

ಕಾರ್ಯಾಲಯವೇ ನಕ್ಕಿತು. ಶಿವಪುತ್ರ ಬಗ್ಗಿಕೊಂಡು ಓಡಿಬಂದ. “ಮಾಮಾ, ಯಾರು ಎಲ್ಲಿ ಕುಂತಾರಂತ ಹೇಳಬ್ಯಾಡ್ರಿ. ಡಬ್ಬದ ಆವಾಜ ವಾಯರ ದಾಟಿ ಕಿವ್ಯಾಗ ಹೋಗ್ತದ.”

“ಕಂಡದ್ದು ಹೇಳಬಾರ್ದು ಅಂದ್ರ ಮತ್ತೇನು ಹೇಳ್ಲೋ?”

“ಭಾವೂನ ಬಗ್ಗೆ ಹೇಳ್ರಿ.”

ಹಾಗೆ ಆ ದಿನ ಪರದೆಯಲ್ಲಿ ಜನ ಸಾಯುತ್ತಿದ್ದರೆ ಮೈಕಿನಲ್ಲಿ ಕಲ್ಮೇಶ ಭಾವೂ ಹಾಕಿಸಿದ ದಾರಿದೀಪ, ತೋಡಿಸಿದ ಕೊಳವೆಬಾವಿ, ಹಂಚಿದ ಛತ್ರಿ ಒಂದೊಂದಾಗಿ ಬೆಳಗಿದವು. ಕಣ್ಣಿಗೂ ಬಾಯಿಗೂ ನಡುವೆ ಮುಕ್ತಾರ ಜೀವನದಲ್ಲಿ ಮೊದಲ ಸಲ ಬಾಗಿಲು ಕೂರಿಸಿದ್ದ. ಬಾಗಿಲು ಹೊಸದು, ಚಿಲಕ ಸಡಿಲು.

ಮಧ್ಯಾಹ್ನದ ಊಟದ ಮೇಲೆ ಕೊನೆಯ ಸುತ್ತು. ನಡುಗಡ್ಡೆ ಕುಗ್ಗುತ್ತ ಬಂದು ಒಂದು ಬಯಲು, ಎರಡು ಗುಡಿಸಲು, ಒಂದು ನೀರಿನ ಟಾಕಿ ಉಳಿದವು. ಆಟಗಾರರೂ ಇಬ್ಬರೇ ಉಳಿದರು. ಒಬ್ಬ ಜತ್ತದ ಮಹಾಂತ, ಭಾವೂನ ಅಣ್ಣನ ಮಗ. ಮೊಬೈಲು ತಣ್ಣಗಿರಲೆಂದು ಪಕ್ಕದಲ್ಲೇ ಒಂದು ಸಣ್ಣ ಫ್ಯಾನು ಇಟ್ಟುಕೊಂಡು ಆಡುತ್ತಿದ್ದ. ಇನ್ನೊಬ್ಬಳು ಯಳವಿಯ ಆರಜೂ. ಮುಂದಿನ ಸಾಲಿನ ಸೋಫಾದಲ್ಲಿ ಭಾವೂ ಮುಂದಕ್ಕೆ ಬಾಗಿ ಕೂತ.

ಮಹಾಂತನ ಮನುಷ್ಯ ದೊಡ್ಡ ಬಂದೂಕು ಹಿಡಿದು ಗುಡಿಸಲುಗಳನ್ನು ಹುಡುಕುತ್ತಿದ್ದ. ಆರಜೂ ಟಾಕಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಹತ್ತಿರ ಉಳಿದದ್ದು ಸಣ್ಣ ಪಿಸ್ತೂಲು. ಎದುರಾದರೆ ಉಳಿಯುವಂತಿರಲಿಲ್ಲ. ಅವಳು ಎದುರಾಗಲಿಲ್ಲ, ಓಡಲೂ ಇಲ್ಲ. ಅವನು ಬರಲಿ ಎಂದು ಬಿಟ್ಟಳು. ಅವನು ಟಾಕಿಯ ಈ ಬದಿಗೆ ಬಂದರೆ ಅವಳು ಆ ಬದಿಗೆ ಒಂದು ಗೇಣು ಸರಿದಳು. ಅವನು ದಾಟಿದ. ಬೆನ್ನು ಅವಳ ಕಡೆ ಆಯಿತು. ಅವಳು ಇನ್ನೂ ಸುಡಲಿಲ್ಲ; ಅವನ ಹೆಜ್ಜೆ ಪೂರಾ ಮುಂದೆ ಬೀಳಲೆಂದು ಕಾಯ್ದಳು.

ಮುಕ್ತಾರ ಮೈಕು ಹಿಡಿದು ಛತ್ರಿ ಹಂಚುತ್ತಿದ್ದವನು ಅರ್ಧಕ್ಕೇ ನಿಂತ. ಈ ಪಟ್ಟು ಅವನಿಗೆ ಗೊತ್ತು. ತೂಕದವನ ಎದುರು ಹಗುರಾದವನು ಹಾಕುವ ಪಟ್ಟು. ತಡೆಯುವುದಿಲ್ಲ, ಬರಗೊಡುತ್ತಾನೆ, ಎದುರಾಳಿಯ ಭಾರ ಎದುರಾಳಿಯನ್ನೇ ದಾಟಿ ಮುಂದೆ ಹೋದಾಗ ಹಿಂದಿನಿಂದ ಬೆರಳಿನಿಂದ ತಳ್ಳಿದರೂ ಸಾಕು. ಇದನ್ನು ಇಷ್ಟು ತಣ್ಣಗೆ ಹಾಕಿದವರನ್ನು ಅವನು ಮಣ್ಣಿನಲ್ಲಿ ಒಬ್ಬಿಬ್ಬರನ್ನು ಕಂಡಿದ್ದ. ಎಸ್‌ಟಿ ಬಸ್ಸಿನ ಗುದ್ದಾಟ ಎಂದಿದ್ದನಲ್ಲ, ಅದರೊಳಗೆ ಕುಸ್ತಿ ಇತ್ತು. ದೂರದಿಂದ ಅವನ ದನಿ ಕೇಳಿ ಕೇಳಿ ಮನೆಯಲ್ಲಿ ಕೂತ ಹುಡುಗಿ ಅದನ್ನು ಕಲಿತಿದ್ದಳು. ಅವಳ ವಸ್ತಾದ ಯಾರೆಂದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು, ಎದೆ ಉಬ್ಬಿತು. ಚಿಲಕ ಕಳಚಿಬಿತ್ತು.

“ನೋಡ್ರಿ, ನೋಡ್ರಿ! ಯಳವಿಯ ಆರಜೂ, ಟಾಕಿ ಹಿಂದ! ಬರಗೊಟ್ಟಾಳ, ಬರಗೊಟ್ಟಾಳ, ಬೆನ್ನ ಹಿಂದ ಅದಾಳ, ಮಹಾಂತನ ಭಾರದಾಗ ಮಹಾಂತನ್ನ ಕೆಡವ್ತಾಳ...”

ಮಹಾಂತನ ಮನುಷ್ಯ ಗರಕ್ಕನೆ ತಿರುಗಿದ. ದೊಡ್ಡ ಬಂದೂಕು ಒಮ್ಮೆ ಗುಡುಗಿತು.

ಹಲಗಿಯವನು, ಪಾಪ, ಅದೇ ಮುಕ್ತಾಯವೆಂದು ಎರಡು ಪೆಟ್ಟು ಹಾಕಿದ.

ಆರಜೂ ಹೊರಳಿ ಅಪ್ಪನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಅಂಗಡಿಯಲ್ಲಿ ತಮ್ಮ ವಸ್ತು ಬೇರೆಯವರ ಚೀಲಕ್ಕೆ ಹೋದಾಗ ನೋಡುತ್ತಾರಲ್ಲ, ಹಾಗೆ. ಆಮೇಲೆ ಕಿವಿಯ ವಾಯರನ್ನು ಬೆರಳಿಗೆ ಸುತ್ತತೊಡಗಿದಳು.

ಶಾಸ್ತ್ರ ಬಿಡುವಂತಿರಲಿಲ್ಲ. ಮುಕ್ತಾರ ಗೆದ್ದವನನ್ನು ಕರೆದ: ಊರು, ಅಪ್ಪ, ಹೆಸರು. ಸೋತವರನ್ನು ಒಂದು ಪಟ್ಟು ಗಟ್ಟಿಯಾಗಿ ಕರೆಯಬೇಕು. “ಯಳವಿ ಗ್ರಾಮ... ಮುಕ್ತಾರನ ಮಗಳು...” ಎಂದ. ಮುಂದೆ ವಸ್ತಾದನ ಹೆಸರು ಬರಬೇಕಾದಲ್ಲಿ ಮೈಕಿನಲ್ಲಿ ಉಸಿರು ಮಾತ್ರ ಕೇಳಿಸಿತು. “ಆರಜೂ,” ಎಂದು ಮುಗಿಸಿದ. ಅವಳು ಬೇಡಿದ್ದು ಮುಕ್ಕಾಲು ಸಿಕ್ಕಿತ್ತು, ತಪ್ಪು ಸಾಲಿನಲ್ಲಿ.

ಮೈಕು ಹೋಯಿತೆಂದೇ ಅವನು ತಿಳಿದಿದ್ದ. ಬೆಳಿಗ್ಗೆ ಒಂದು ತಪ್ಪು, ಮಧ್ಯಾಹ್ನ ಅದೇ ತಪ್ಪು. ಸಾಂಗಲಿಯ ಹುಡುಗ ಬಸ್ಸು ಹತ್ತಿದ ಹಾಗೆಯೇ. ಆದರೆ ಭಾವೂ ವೇದಿಕೆಗೆ ಬಂದ, ಕಿತ್ತಳೆ ಬಣ್ಣದ ಫೇಟಾ ತರಿಸಿದ, ಮಹಾಂತನಿಗಿಂತ ಮೊದಲು ಮುಕ್ತಾರನ ತಲೆಗೆ ತಾನೇ ಕೈಯಾರೆ ಕಟ್ಟಿದ. ಕಟ್ಟುತ್ತ ಕಿವಿಯ ಹತ್ತಿರ ಬಾಗಿದ. “ಮಾಮಾ, ನಾ ಈ ಉಪಕಾರ ಮರಿಯೂದಿಲ್ಲ. ಸ್ವಂತ ಮಗಳ ಮ್ಯಾಲೆ ನಮ್ಮ ಹುಡುಗನ್ನ ಗೆಲ್ಲಿಸಿದ್ರಿ. ಇನ್ನ ಮುಂದ ಎಲ್ಲಾ ಕಾರ್ಯಕ್ರಮದ ಮೈಕ್ ನಿಮ್ಮದ. ಕಾಯಂ.”

ಕೆಳಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಮಾಡಗ್ಯಾಳದ ಹುಡುಗ ಮಾತ್ರ ಪಕ್ಕದವನಿಗೆ ಮೊಣಕೈಯಿಂದ ತಿವಿದು ಏನೋ ಹೇಳಿ ನಕ್ಕ. ಮೈಕು ಇನ್ನೂ ಮುಕ್ತಾರನ ಕೈಯಲ್ಲೇ ಇತ್ತು, ಆನ್ ಆಗಿತ್ತು. ‘ಹಂಗಲ್ರಿ, ಬಾಯಿ ತಪ್ಪಿತು’ ಎಂದು ಒಂದೇ ಮಾತು. ಅಂದರೆ, ಇಷ್ಟು ವರ್ಷದ ನಿವೇದಕನಿಗೆ ತನ್ನ ನಾಲಿಗೆ ಹಿಡಿಯಲು ಬರುವುದಿಲ್ಲವೆಂದು ತಾನೇ ಸಾರಿದಂತೆ. ಅನ್ನದಿದ್ದರೆ ಮಗಳನ್ನು ಮಾರಿದಂತೆ. ಯಾವಾಗ ಸುಮ್ಮನಿರಬೇಕಿತ್ತೋ ಆಗ ಕೂಗಿದವನು, ಕೂಗಬೇಕಾದಾಗ ಸುಮ್ಮನೆ ನಿಂತ. ಫೇಟಾ ಸ್ವಲ್ಪ ಬಿಗಿಯಾಗಿತ್ತು.

ಊರಿಗೆ ಮರಳುವಾಗ ಆರಜೂ ಮೋಟಾರ್ ಸೈಕಲ್ಲಿನ ಹಿಂದೆ ಕೂತಿದ್ದಳು. ದಾಳಿಂಬೆಯ ತೋಟಗಳು ದಾಟಿದ ಮೇಲೆ ಕೇಳಿದಳು. “ಬೇಕಂತ ಹೇಳಿದ್ಯಾ?”

“ಖುದಾನ ಆಣಿ, ಬಾಯಿ ತಪ್ಪಿತವ್ವ. ನಿನ್ನ ಪಟ್ಟು ನೋಡಿ ತಡೀಲಾಕ ಆಗಲಿಲ್ಲ. ಅಂಥಾ ಪಟ್ಟು...”

“ಹಂಗಾರ ಫೇಟಾ ಕಟ್ಟಿದಾಗ ಭಾವೂಗ ಯಾಕ ಹೇಳ್ಲಿಲ್ಲ?”

ಮುಕ್ತಾರ ಗೇರು ಬದಲಿಸಿದ. ರಸ್ತೆ ಸಪಾಟಾಗಿತ್ತು, ಗೇರು ಬದಲಿಸುವ ಕಾರಣವೇನೂ ಇರಲಿಲ್ಲ.

ಮನೆಯಲ್ಲಿ ಕರೀಮಾ ಫೇಟಾ ನೋಡಿ ಹಿಗ್ಗಿದಳು, ಮಗಳ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಫೇಟಾವನ್ನು ಗೂಟಕ್ಕೆ ತೂಗುಹಾಕಿದರು. ಆರಜೂ ಬಂದೂಕಿನ ಆಟವನ್ನು ಮೊಬೈಲಿನಿಂದ ತೆಗೆದುಹಾಕಿದಳು. ಅಪ್ಪನೊಡನೆ ಮಾತು ಬಿಡಲಿಲ್ಲ. ಚಹಾ ಕೊಟ್ಟಳು, ಸೂಜಿಗೆ ದಾರ ಪೋಣಿಸಿಕೊಟ್ಟಳು. ಆಟದ ಬಗ್ಗೆ ಮಾತ್ರ ವಾದಕ್ಕೆ ಬರಲಿಲ್ಲ. ಬಂದೂಕಿನ ಆಟದೊಳಗೂ ಕುಸ್ತಿ ಅದ, ನಾ ಅಂದದ್ದು ತಪ್ಪು ಎಂದು ಹೇಳಲು ಮುಕ್ತಾರ ಎರಡು ಸಲ ಬಾಯಿ ತೆರೆದ. ಕೇಳುವವರಿಲ್ಲದ ಅಭಿಪ್ರಾಯ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದು ಹತ್ತಿಯ ರಾಶಿಗೆ ಒರಗಿ ದೆವ್ವದ ಆಟ ತೆರೆದ. ಆರಜೂ ಅಲ್ಲೇ ಕೂತು ಗಾದಿಯ ಅಂಚು ಹೊಲಿಯುತ್ತಿದ್ದಳು. ಆ ದಿನ ಅವನು ಎಂದೂ ಹೋಗದಷ್ಟು ದೂರ ಹೋದ. ಕಿರುಗುಟ್ಟುವ ಹಲಗೆಗಳನ್ನೆಲ್ಲ ತಪ್ಪಿಸಿ, ಕೊನೆಯ ಕೋಣೆಯ ಅಲಮಾರಿಯಲ್ಲಿ ಹೊಕ್ಕು ಉಸಿರು ಹಿಡಿದ. ಮುಖವಿಲ್ಲದ್ದು ಬಂದು ಕದದ ಮುಂದೆ ನಿಂತಿತು. ಆಗ ಮೊಬೈಲು ನಡುಗಿತು, ಪರದೆಯ ಮೇಲೆ ಕಲ್ಮೇಶ ಭಾವೂನ ಹೆಸರು.

ಸೂಜಿ ನಿಂತಿತು. ಮುಕ್ತಾರ ಮಗಳ ಕಡೆ ನೋಡಲಿಲ್ಲ. ಬಾರಿಸಗೊಟ್ಟ, ಬಾರಿಸಗೊಟ್ಟ, ಕೊನೆಗೆ ಎತ್ತಿದ.

“ಮಾಮಾ, ರವಿವಾರ ಮಹಾಂತನ ಸತ್ಕಾರ ಅದ. ಅಂವ ಹೆಂಗ ಗೆದ್ದಾಂತ ನೀವ ವರ್ಣನಾ ಮಾಡಬೇಕು. ಟಾಕಿ ಪ್ರಸಂಗ ರಂಗಾಗಿ ಹೇಳ್ರಿ.”

“ಹೇಳ್ತೀನ್ರಿ,” ಎಂದ ಮುಕ್ತಾರ. “ಬರ್ತೀನ್ರಿ.”

ಸೂಜಿ ಮತ್ತೆ ನಡೆಯಿತು. ಫೋನು ಇಟ್ಟಾಗ ಆಟ ಇದ್ದಲ್ಲೇ ಇತ್ತು. ಅವನ ಮಾತು ಮುಗಿಯುವವರೆಗೆ ದೆವ್ವ ಕದದ ಹೊರಗೆ ನಿಂತು ಕಾಯ್ದಿತ್ತು. ಅಷ್ಟರಮಟ್ಟಿಗೆ ಅದಕ್ಕೆ ಮರ್ಯಾದೆ ಇತ್ತು.